ಬಾಗಿಲ ಎಡಗಡೆಯ ಮೊರದಗಲ ಜಾಗ

ನನ್ನ ಯು ಕರ್ತಿ, ನನ್ನ ಅಕ್ಕ,

ಈ ಕಾಗದವನ್ನು ಅಂಟು ಹಾಕಿ ಪರ್ನೊ ಅಣ್ಣನ ಕೈಗೆ ಕೊಡುತ್ತಿದ್ದೇನೆ. ಲಂಪುಂಗಿನಲ್ಲಿ ನಿನ್ನ ಕೈ ಸೇರುವ ತನಕ ತೆರೆಯುವುದಿಲ್ಲ ಎಂದು ಅವನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಫೋನು ಇರುವಾಗ ಇದೆಂಥ ಕಾಗದ ಎಂದು ನೀನು ನಗಬಹುದು. ಈ ವಾರ ಮೂರು ಸಲ ಫೋನು ಮಾಡಿದೆನಲ್ಲ, ಊಟ ಆಯಿತಾ ಎಂದು ಕೇಳಿ, ಹಿತ್ತಿಲ ಪಪ್ಪಾಯಿಯ ಸುದ್ದಿ ಹೇಳಿ ಇಟ್ಟುಬಿಟ್ಟೆನಲ್ಲ, ಅದೆಲ್ಲ ಇದನ್ನೇ ಹೇಳಬೇಕೆಂದು ಮಾಡಿದ್ದು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು. ನಿನ್ನ ದನಿ ಕೇಳಿದ ಕೂಡಲೇ ಅದಕ್ಕೆ ಬೀಗ ಬೀಳುತ್ತದೆ.

ಹೋದ ವಾರ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ವಿನ್, ಅಣ್ಣ ಉಪವಾಸಕ್ಕೆ ಮುಂಚಿನ ರುವಾ ತಿಂಗಳಲ್ಲಿ ಅಪ್ಪ ಅಮ್ಮನ ಸಮಾಧಿ ಗುಡಿಸೋಕೆ ಬರ್ತಿದ್ದಾನೆ. ವಾಪಸ್ ಬರೋವಾಗ ಬಾಗಿಲ ಎಡಗಡೆಯ ಮಣ್ಣು ಒಂದು ಹಿಡಿ ಅವನ ಕೈಲಿ ಕಳಿಸ್ತೀಯಾ? ನನ್ನ ಮಂಡಿ ಇನ್ನು ಆ ದೋಣಿ, ಆ ಬಸ್ಸು ತಡೆಯಲ್ಲ. ನಾನಂತೂ ಬರೋಕಾಗಲ್ಲ, ಮಗುನೇ ಇಲ್ಲಿಗೆ ಕರೆಸ್ಕೋತೀನಿ." ನಾನು "ಹೂಂ ಅಕ್ಕ, ಅದಕ್ಕೇನಂತೆ" ಎಂದೆ. ಎಷ್ಟು ಸಲೀಸಾಗಿ ಅಂದೆ ನೋಡು.

ಅಕ್ಕ, ಆ ಮಣ್ಣಿನಲ್ಲಿ ಏನೂ ಇಲ್ಲ. ಐದು ವರ್ಷದಿಂದ ಇಲ್ಲ. ತೆಗೆಸಿದವಳು ನಾನೇ.

ಒಂದೇ ಉಸಿರಿಗೆ ಬರೆದುಬಿಟ್ಟೆ. ಈಗ ನೀನು ಕಾಗದವನ್ನು ಮಡಚಿ ಅಣ್ಣನ ಮನೆಯ ಜಗುಲಿಯಲ್ಲಿ ಸುಮ್ಮನೆ ಕುಳಿತರೂ ಸರಿಯೇ, ಒಲೆಗೆ ಹಾಕಿದರೂ ಸರಿಯೇ. ಆದರೆ ಓದುವ ಮನಸ್ಸಿದ್ದರೆ ಉಳಿದದ್ದನ್ನೂ ಓದು. ಗೊತ್ತಿಲ್ಲದೆ ಆಯಿತು ಎಂದು ಜಾರಿಕೊಳ್ಳಲು ನನಗೆ ದಾರಿಯಿಲ್ಲ. ನನಗೆ ಎಲ್ಲ ಗೊತ್ತಿತ್ತು.

ನಿನಗೆ ಹೆರಿಗೆಯಾದಾಗ ನನಗೆ ಹದಿನೈದು. ಭಾವ ಲಾರಿ ತೆಗೆದುಕೊಂಡು ಸುರಬಾಯ ಕಡೆ ಹೋಗಿದ್ದ, ಹಾಗಾಗಿ ಮಗುವಿನ ತಂದೆ ಮಾಡಬೇಕಾದ್ದನ್ನು ನಮ್ಮ ಅಪ್ಪನೇ ಮಾಡಿದ. ಮಾಸೆಂದರೆ ಮಗುವಿನ ಬೆನ್ನಿಗೇ ಹುಟ್ಟಿದ ತಂಗಿ ಎನ್ನುತ್ತಾ ಅಮ್ಮ ಅದನ್ನು ತೊಳೆದು ಹೊಸ ಕುಡಿಕೆಯಲ್ಲಿಟ್ಟಳು. ಮೇಲೆ ಹೂವು, ಉಪ್ಪು, ಸೂಜಿ, ದಾರ. ಹೆಣ್ಣು ಮಗು, ಒಂದು ಬಾಚಣಿಗೆಯೂ ಇರಲಿ ಎಂದಳು. ಮನೆಯಲ್ಲಿ ಹೊಸದು ಇರಲಿಲ್ಲ. ನಾನು ನನ್ನ ಕೆಂಪು ಪ್ಲಾಸ್ಟಿಕ್ ಬಾಚಣಿಗೆ ತಂದುಕೊಟ್ಟೆ, ತುದಿಯ ಎರಡು ಹಲ್ಲು ಮುರಿದದ್ದು. ಅಪ್ಪ ಕುಡಿಕೆಯನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಬಟ್ಟೆಯ ಜೋಲಿಯಲ್ಲಿ ಎತ್ತಿಕೊಂಡ. ಒಳಮನೆಯಿಂದ ಅಂಗಳದ ತನಕ ನಾನು ಅದಕ್ಕೆ ಛತ್ರಿ ಹಿಡಿದೆ. ಬಾಗಿಲಿಂದ ಹೊರಡುವಾಗ ಎಡಗಡೆ, ಮೊಣಕೈಯಷ್ಟು ಆಳ. ಮುಚ್ಚಿದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಒಳಗೆ ದೀಪ ಇಟ್ಟದ್ದೂ ನಾನೇ.

ಆರನೇ ದಿನ ಮಗು ಹೋಯಿತು. ಭಾವನ ಕಡೆಯವರು ಬಂದು ನದಿಯಾಚೆಯ ಅವರ ಊರಿಗೆ ಒಯ್ದರು. ಬಾಣಂತಿ ನೀನು, ಬಾಗಿಲ ತನಕ ಮಾತ್ರ ಬಂದೆ. ಇನ್ನು ದೀಪ ಯಾಕೆ ಎಂದು ನಾನು ಬುಟ್ಟಿ ಎತ್ತಲು ಹೋದಾಗ ಅಮ್ಮ ನನ್ನ ಕೈಗೆ ಹೊಡೆದಳು. "ಅಕ್ಕ ಹೋದ್ಲು, ಒಳಗೆ ತಂಗಿ ಇದ್ದಾಳಲ್ಲೇ. ಅವಳನ್ನ ಕತ್ತಲಲ್ಲಿ ಬಿಡೋಕಾಗುತ್ತಾ?" ಎಂದಳು. ವಾಡಿಕೆಯ ಮೂವತ್ತೈದು ದಿನವೂ ದೀಪ ಉರಿಯಿತು. ಆಮೇಲೆ ಭಾವ ಮನೆಯ ಕಡೆ ತಲೆ ಹಾಕಲೇ ಇಲ್ಲ. ಎರಡು ವರ್ಷ ಕಳೆದು ನೀನೂ ನಾನೂ ಮಗುವಿನ ಗೋರಿ ಹುಡುಕಿಕೊಂಡು ಆ ಊರಿಗೆ ಹೋದೆವು. ಅಲ್ಲಿನ ಕಾವಲಿನವನು "ಇದಿರಬೋದು, ಇಲ್ಲಾಂದ್ರೆ ಆ ಪೊದೆ ಹತ್ರದ್ದು, ಇಲ್ಲಾ ಅಂದ್ರೆ ಅದೂ ಅಲ್ಲ" ಎಂದು ಮೂರು ಕಡೆ ಕೈ ತೋರಿಸಿದ. ಬಸ್ಸಿನಲ್ಲಿ ನೀನು ಅಳಲಿಲ್ಲ. ಮನೆಗೆ ಬಂದವಳೇ ಉಟ್ಟ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಕಡ್ಡಿ ಪೊರಕೆ ತೆಗೆದುಕೊಂಡು ಅಂಗಳಕ್ಕಿಳಿದೆ.

ಅಂದಿನಿಂದ ನೀನು ಗುಡಿಸದ ಬೆಳಗು ನಾನು ಕಾಣೆ. ನಮ್ಮೂರಲ್ಲಿ ಎಲ್ಲರ ಅಂಗಳವೂ ಆಗ ಬರಿಯ ಮಣ್ಣಿನದೇ. ಸೂರ್ಯ ಹುಟ್ಟುವ ಮೊದಲು ಕೇರಿಯ ಉದ್ದಕ್ಕೂ ಕಡ್ಡಿ ಪೊರಕೆಯ ಸದ್ದು, ಗುಡಿಸಿದ ಗೆರೆಗಳು ಅಚ್ಚುಕಟ್ಟಾಗಿ ಕಾಣಬೇಕು, ಒಂದು ಎಲೆ ಬಿದ್ದಿದ್ದರೂ ಆ ಮನೆಯ ಹೆಂಗಸು ಸೋಮಾರಿ ಎಂದೇ ಲೆಕ್ಕ. ನೀನು ಎಲ್ಲ ಕಡೆ ಉದ್ದಕ್ಕೆ ಗುಡಿಸುತ್ತಿದ್ದೆ, ಆ ಒಂದು ಜಾಗ ಬಂದಾಗ ಮಾತ್ರ ಕುಕ್ಕರುಗಾಲಲ್ಲಿ ಕುಳಿತು ಪೊರಕೆಯ ತುದಿಯಿಂದ ಸವರುತ್ತಿದ್ದೆ. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಆಮೇಲೆ ಕಾಲ ಬದಲಾಯಿತು, ಅಪ್ಪ ಅಮ್ಮ ಹೋದರು, ಕೊನೆಯವಳೆಂದು ಮನೆ ನನ್ನ ಹೆಸರಿಗೆ ಬಂತು. ನೀನು ಹಿಂದಿನ ಕೋಣೆಯಲ್ಲಿ ಉಳಿದೆ. ಕೇರಿಯಲ್ಲಿ ಒಂದೊಂದೇ ಅಂಗಳ ಹಸಿರಾಗತೊಡಗಿತು. ಊರ ಮುಖ್ಯಸ್ಥರ ಹೆಂಡತಿ ಬು ಹರ್ತಿನಿ ಮಹಿಳಾ ಸಂಘದ ಸಭೆಯಲ್ಲಿ ಆಗಸ್ಟಿನ ಸ್ವಾತಂತ್ರ್ಯದ ಹಬ್ಬಕ್ಕೆ ಹಸಿರು ಅಂಗಳದ ಸ್ಪರ್ಧೆ ಎಂದು ಸಾರಿದಳಲ್ಲ, ಆವತ್ತು ಎಲ್ಲರೆದುರು ಹುರಿದ ತೆಂಪೆ ಕಚ್ಚುತ್ತಾ ಅಂದಳು: "ಎಲ್ಲರದ್ದೂ ನೋಡಿದೆ. ವಿನಾರ್ಸಿಯಮ್ಮನ ಅಂಗಳ ಒಂದೇ ಕೋಳಿ ಕಾದಾಟಕ್ಕೆ ಮೀಸಲಿಟ್ಟಿರೋದು!" ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ನಿನ್ನ ಮೇಲೆ ಹರಿಹಾಯ್ದೆ. "ನಿನ್ನ ಪೊರಕೆಯಿಂದ ನನ್ನ ಮಾನ ಹೋಯ್ತು. ಇನ್ನೂ ಅಜ್ಜಿ ಕಾಲದಲ್ಲೇ ಇರ್ತೀಯಲ್ಲ!" ನೀನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ, "ಹಸಿರು ಹಾಕ್ಕೋ ಮಾರಾಯ್ತಿ, ಮನೆ ನಿಂದು," ಅಂದೆ. ಒಂದು ಕಲ್ಲು ಆರಿಸಿ ಎಸೆದು, "ಹಾಕೋದಾದ್ರೆ ಹತ್ತು ಗಂಟೆ ಹೂವು ಹಾಕು. ಅದು ತೆಳ್ಳಗೆ ಹಬ್ಬುತ್ತೆ, ಮಧ್ಯೆ ಮಧ್ಯೆ ಮಣ್ಣು ಕಾಣುತ್ತೆ. ಆಮೇಲೆ ಬಾಗಿಲ ಎಡಕ್ಕೆ ಒಂದು ಮೊರದಗಲ ಬಿಟ್ಬಿಡು, ಆಯ್ತಾ?" ಅಂದೆ.

ಇಪ್ಪತ್ತು ವರ್ಷದಲ್ಲಿ ನೀನು ನನ್ನಲ್ಲಿ ಕೇಳಿದ್ದು ಅದೊಂದೇ. ಯಾಕೆ ಎಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಛತ್ರಿ ಹಿಡಿದವಳಿಗೆ ಹೇಳುವುದೇನಿತ್ತು?

ನರ್ಸರಿಗೆ ಹೋದೆ. ಆತ ಒಳ್ಳೆಯ ಮನುಷ್ಯ, ಒಂದೊಂದನ್ನೇ ತೋರಿಸಿದ. ಗಿಡ್ಡ ಆನೆಹುಲ್ಲು ಚೆನ್ನಾಗಿರುತ್ತದೆ, ಕಾಲಿಗೆ ಮೆತ್ತಗೆ, ಆದರೆ ನೆರಳಲ್ಲಿ ಸೊರಗಿ ಬೋಳು ಬೀಳುತ್ತದೆ. ದಾರಿಯ ಅಂಚಿಗೆ ಕೂದಲಿನ ಥರದ ಕಪ್ಪು ಹಸಿರು ಹುಲ್ಲು ಇದೆ, ಹಾಕಿದಲ್ಲೇ ಇರುತ್ತದೆ, ಹಬ್ಬಲು ವರ್ಷ ಬೇಕು. ಹತ್ತು ಗಂಟೆ ಹೂವಿಗೆ ಬಿಸಿಲಿದ್ದರೆ ಸಾಕು, ಕಡ್ಡಿ ಮುರಿದು ಚುಚ್ಚಿದರೂ ಬದುಕುತ್ತದೆ, ಆದರೆ ನಡುವೆ ನೆಲ ಕಾಣುತ್ತದೆ. ಕೊನೆಗೆ ಹಳದಿ ಹೂವಿನ ಕಡಲೆ ಬಳ್ಳಿಯ ತಟ್ಟೆ ಎತ್ತಿ ತೋರಿಸಿದ. ತುಳಿದರೂ ಸಾಯಲ್ಲ, ಕಳೆ ಬರಗೊಡಲ್ಲ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಎರಡೇ ತಿಂಗಳಲ್ಲಿ ಅಂಗಳ ತುಂಬುತ್ತದೆ. "ನಿಮಗೆ ಯಾವ ಥರದ್ದು ಬೇಕಮ್ಮಾ?" ಎಂದ. "ಬೇಗ ಮುಚ್ಚೋದು ಕೊಡಿ, ಒಂದಿಷ್ಟೂ ಮಣ್ಣು ಕಾಣಬಾರದು," ಎಂದೆ. ಅವನು ನಕ್ಕು, "ಏನನ್ನ ಮುಚ್ಚಬೇಕೋ?" ಎಂದ. ತಮಾಷೆಗೆ ಅಂದದ್ದು. ನನಗೆ ಮುಖ ಬಿಸಿಯಾಯಿತು, ಆದರೂ ಅದನ್ನೇ ತಂದೆ.

ಮೊರದಗಲ ಬಿಡಬೇಕೆಂದೇ ಇದ್ದೆ, ಇದನ್ನು ನಂಬು. ಬು ಹರ್ತಿನಿ ಮುಂಚೆಯೇ ಒಂದು ಸುತ್ತು ನೋಡಲು ಬಂದಳು. ನಾನು ಗೆರೆ ಎಳೆದದ್ದನ್ನು ಕಂಡು, "ಇದೇನ್ರೀ ಬಾಗಿಲ ಪಕ್ಕದಲ್ಲೇ ಹೀಗೆ ಬಿಟ್ರೆ ಅಂಗಳಕ್ಕೆ ಹುಣ್ಣಾದ ಹಾಗೆ ಕಾಣಲ್ವಾ? ಅಂಕ ಕಟ್ ಮಾಡ್ತಾರೆ," ಎಂದಳು. ಅಷ್ಟೇ ಅಕ್ಕ. ಅಷ್ಟಕ್ಕೇ ನಾನು ಬಿದ್ದುಹೋದೆ. ನೀನು ಮದುವೆ ಮನೆಯ ಅಡಿಗೆಗೆ ಕೈಜೋಡಿಸಲು ಇಡೀ ದಿನ ಹೋಗುವ ದಿನವನ್ನು ಹುಡುಕಿ, ಆವತ್ತೇ ಅಗೆಯುವ ಕೂಲಿಗೆ ಲಿಕ್ ಸಗಿಮಿನ್‌ಗೆ ಹೇಳಿಕಳಿಸಿದೆ.

ನೆಲ ಅಂದರೆ ನೆಲವೇ ಅದು? ನಾಲ್ಕು ತಲೆಮಾರು ಗುಡಿಸಿದ್ದು, ಗುದ್ದಲಿ ಬಿದ್ದರೆ ಠಣ್ಣೆನ್ನುತ್ತಿತ್ತು. ಹೀಗೆ ಬಿಟ್ಟರೆ ಬಳ್ಳಿ ಬೇರಿಳಿಸಲ್ಲ, ಒಂದು ಗೇಣು ಕಿತ್ತು ಹೊಸ ಮಣ್ಣು ತುಂಬಬೇಕು ಎಂದರು ಲಿಕ್. ಗೇಣು ತಾನೇ, ಅದು ಮೊಣಕೈ ಆಳದಲ್ಲಿದೆ, ತಗಲುವುದಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ದಿನಾ ಗುಡಿಸಿದರೆ ದಿನಾ ಒಂದು ಚಿಟಿಕೆ ಮಣ್ಣು ಹೋಗುತ್ತದೆ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಸವರಿ ಸವರಿ ನೀನು ಅದನ್ನು ನಿನ್ನ ಕೈಯ ಹತ್ತಿರಕ್ಕೆ ತಂದುಕೊಂಡಿದ್ದೆ. ಗುದ್ದಲಿ ಎರಡನೇ ಸಲ ಬೀಳುವಾಗಲೇ ಕುಡಿಕೆಯ ಕಂಠ ಮುರಿಯಿತು.

ಲಿಕ್ ಸಗಿಮಿನ್ ಗುದ್ದಲಿ ಬಿಟ್ಟು ಹಿಂದೆ ಸರಿದರು. "ಅಯ್ಯೋ, ಯಾರದಮ್ಮಾ ಇದು?" ಎಂದರು. ಅವರು ಬೇರೆ ಕೇರಿಯವರು, ನಿನ್ನ ಕತೆ ಅವರಿಗೆ ತಿಳಿಯದು. ನಾನು ಬಗ್ಗಿ ನೋಡಿದೆ. ಒಳಗೆ ಕಪ್ಪು ಮಣ್ಣು, ಅದರಲ್ಲಿ ಕೆಂಪಗೆ ಬಾಚಣಿಗೆ. ತುದಿಯ ಎರಡು ಹಲ್ಲಿಲ್ಲ. ನಾನು ಹುಟ್ಟಿದ್ದೂ ಅದೇ ಮನೆಯಲ್ಲಿ, ನನ್ನದನ್ನೂ ಅಪ್ಪ ಬಾಗಿಲ ಎಡಕ್ಕೇ ಎಲ್ಲೋ ಹೂತಿದ್ದ. ಆ ಮಾತು ಬಾಯಿಗೆ ಒದಗಿಬಂತು. "ನಂದೇ ಲಿಕ್. ನಂದು ತಾನೇ, ಆ ಕಲ್ಲುಮಣ್ಣಿನ ಜೊತೆ ಹೊಳೆಗೆ ಹಾಕಿಬಿಡಿ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ನೀನೇ ಹೇಳ್ತಿದ್ದೀಯಾ?" ಎಂದರು. "ನಾನೇ ಹೇಳ್ತಿದ್ದೀನಿ" ಎಂದೆ. ನೀನು ನೋಡಿದರೆ ಗುರುತು ಹಿಡಿದೀಯೆಂದು ಬಾಚಣಿಗೆಯನ್ನು ಮಾತ್ರ ಎತ್ತಿ ಉಟ್ಟ ಬಟ್ಟೆಯ ಅಂಚಿನಲ್ಲಿ ಸುತ್ತಿಕೊಂಡೆ. ಬೇಡ ಎಂದು ಒಂದು ಮಾತು ಹೇಳಲು ನನಗೆ ಬಾಯಿ ಇರಲಿಲ್ಲವೆ ಅಕ್ಕ? ನಿಲ್ಲಿಸಿ ಲಿಕ್, ಮುಚ್ಚಿಬಿಡಿ, ಇಲ್ಲಿ ಬಳ್ಳಿ ಬೇಡ ಎಂದಿದ್ದರೆ ಆಗಿಹೋಗುತ್ತಿತ್ತು.

ಸಂಜೆ ನೀನು ಬಂದೆ, ಕೈಯಲ್ಲಿ ಮದುವೆ ಮನೆಯ ಊಟದ ಪೊಟ್ಟಣ. ಹೊಸ ಮಣ್ಣು, ಸಾಲಾಗಿ ನೆಟ್ಟ ಬಳ್ಳಿ. ಎಡಗಡೆಯಲ್ಲೂ. ನೀನು ಪೊಟ್ಟಣವನ್ನು ಜಗುಲಿಯ ಮೇಲಿಟ್ಟೆ. ಆಮೇಲೆ ಮೆತ್ತಗೆ, "ಅಗೆಯೋವಾಗ ಏನಾದ್ರೂ ಸಿಕ್ತಾ ವಿನ್?" ಎಂದೆ. "ಏನೂ ಇಲ್ವಲ್ಲ. ಮೇಲೆ ಮೇಲೆ ಅಗೆಸಿದ್ದು," ಎಂದೆ. ನಿನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ನೀನು ಉಸಿರು ಬಿಟ್ಟು, "ಸದ್ಯ" ಎಂದು ಒಳಗೆ ಹೋದೆ. ನೀನು ಬೈದಿದ್ದರೆ ನಾನೂ ಜಗಳವಾಡಿ ಅಲ್ಲೇ ಬಾಯಿಬಿಡುತ್ತಿದ್ದೆನೋ ಏನೋ. ಆ "ಸದ್ಯ" ನನ್ನನ್ನು ಇವತ್ತಿನ ತನಕ ಸುಡುತ್ತಿದೆ.

ನಮಗೆ ಮೂರನೇ ಬಹುಮಾನ ಬಂತು. ಒಂದು ನೀಲಿ ಪ್ಲಾಸ್ಟಿಕ್ ಬೋಗುಣಿ. ಅದಕ್ಕಾಗಿ ಇದೆಲ್ಲ.

ನಾಚಿಕೆ ಅಲ್ಲಿಗೆ ಕೊನೆಯಾಗಿದ್ದರೆ ಹೇಗೋ ಬದುಕುತ್ತಿದ್ದೆ. ನೀನು ಪೊರಕೆಯನ್ನು ಮೂಲೆಗಿಟ್ಟು ಆ ಬಳ್ಳಿಯನ್ನೇ ನೋಡಿಕೊಳ್ಳತೊಡಗಿದೆ. ಬಹುಮಾನದ ಬೋಗುಣಿಯಲ್ಲೇ ಅಕ್ಕಿ ತೊಳೆದ ನೀರು ಹಿಡಿದು ತಂದು ಮೊದಲು ಎಡಗಡೆಗೆ ಹಾಕುತ್ತಿದ್ದೆ. ಒಂದು ದಿನ ಬಳ್ಳಿಯನ್ನು ಎತ್ತಿ ಕೆಳಗೆ ಅಂಗೈ ಇಟ್ಟು ನನ್ನನ್ನು ಕರೆದೆ. "ಇಲ್ಲಿ ಬಾರೇ, ಕೈ ಇಟ್ಟು ನೋಡು. ಎಷ್ಟು ಬೆಚ್ಚಗಿದೆ! ಆವತ್ತು ನಿನ್ನ ಮೇಲೆ ಸಿಟ್ಟು ಬಂದಿತ್ತು ನನಗೆ. ಈಗ ಅನ್ನಿಸುತ್ತೆ, ಇಷ್ಟು ವರ್ಷ ಬಿಸಿಲಿಗೆ ಮಳೆಗೆ ಬರಿಮೈಯಲ್ಲಿ ಮಲಗಿಸಿದ್ದೆ ಪಾಪ, ನೀನು ಹೊದಿಸಿದೆ," ಎಂದೆ. ನಾನು ನಿನ್ನ ಪಕ್ಕ ಕುಳಿತು ಆ ಖಾಲಿ ಮಣ್ಣಿನ ಮೇಲೆ ಕೈ ಇಟ್ಟೆ. "ಹೌದಕ್ಕ, ಬೆಚ್ಚಗಿದೆ," ಎಂದೆ. ಇದಕ್ಕಿಂತ ನೀಚ ಮಾತನ್ನು ನನ್ನ ಬಾಯಿ ಆಡಿದ್ದಿಲ್ಲ. ಎರಡು ವರ್ಷದ ಹಿಂದೆ ಅತ್ತಿಗೆಗೆ ಹುಷಾರಿಲ್ಲವೆಂದು ನೀನು ಲಂಪುಂಗ್‌ಗೆ ಹೊರಟಾಗ ನಾನು ಅತ್ತದ್ದು ಅಕ್ಕ ಹೋಗುತ್ತಾಳೆಂಬ ದುಃಖಕ್ಕೆ ಎಂದುಕೊಂಡಿತು ಊರೆಲ್ಲ. ಒಳಗೊಳಗೆ ನನಗೆ ಹೊರೆ ಇಳಿದ ಹಾಗಾಗಿತ್ತು.

ಈಗ ಮಣ್ಣು ಕೇಳಿದೆ ನೀನು. ಮೊದಲು ಏನು ಮಾಡಿದೆ ಗೊತ್ತೆ? ಬಳ್ಳಿ ಸರಿಸಿ ಅಲ್ಲಿಂದಲೇ ಒಂದು ಹಿಡಿ ತೆಗೆದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದೆ. ನರ್ಸರಿಯಿಂದ ಬಂದ ಗೊಬ್ಬರದ ಮಣ್ಣು. ಅದನ್ನು ಅಣ್ಣನ ಚೀಲದ ಮೇಲೂ ಇಟ್ಟೆ. ಅಣ್ಣ ಅದನ್ನು ನೋಡಿ ಟೋಪಿ ತೆಗೆದ. ಆಮೇಲೆ ಗಂಟನ್ನು ಎರಡೂ ಕೈಯಲ್ಲಿ ಎತ್ತಿ, ಬಟ್ಟೆಗಳ ಮಧ್ಯೆ ಮೆತ್ತಗಿನ ಜಾಗ ಹುಡುಕತೊಡಗಿದ. ನನ್ನ ಕೈಲಿ ತಡೆಯಲಾಗಲಿಲ್ಲ. ಅವನ ಕೈಯಿಂದ ಕಿತ್ತುಕೊಂಡು ಹೊರಗೆ ಬಂದು ಬಳ್ಳಿಯ ಬುಡಕ್ಕೆ ಸುರಿದೆ. ಹೊಳೆಯ ಯಾವ ಜಾಗಕ್ಕೆ ಹಾಕಿದರೆಂದಾದರೂ ತಿಳಿದರೆ ಅಲ್ಲಿನ ನೀರನ್ನಾದರೂ ಕಳಿಸೋಣ ಎಂದು ಲಿಕ್ ಸಗಿಮಿನ್ ಮನೆಗೆ ಹೋದೆ.

ಲಿಕ್ ಹೋದ ವರ್ಷವೇ ತೀರಿಕೊಂಡಿದ್ದರು. ಅವರ ಹೆಂಡತಿ ಅಂಗಳ ಗುಡಿಸುತ್ತಿದ್ದರು, ಅವರದ್ದು ಇನ್ನೂ ಬರಿಯ ಮಣ್ಣಿನ ಅಂಗಳ. ನನ್ನನ್ನು ಕಂಡವರೇ ಪೊರಕೆ ನಿಲ್ಲಿಸಿ, "ಬಂದ್ಯಾ? ಐದು ವರ್ಷ ಬೇಕಾಯ್ತಾ ನಿಂಗೆ?" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬಾಗಿಲ ಎಡಗಡೆಗೆ ಕೈ ತೋರಿಸಿದರು. ಮೊರದಗಲ ಜಾಗ, ಸುತ್ತ ನಾಲ್ಕು ಬೆಣಚುಕಲ್ಲು. "ಹೊಳೆಗೆ ಹಾಕೋಕೆ ನಮ್ಮನೆಯವರ ಕೈ ಏಳಲಿಲ್ಲ. ಹುಡುಗಿಗೆ ಬುದ್ಧಿ ಇಲ್ಲ, ತನ್ನ ತಂಗೀನೇ ಎಸೀತಿದ್ದಾಳೆ, ಮುಂದೊಂದಿನ ಹುಡುಕ್ಕೊಂಡು ಬರ್ತಾಳೆ ನೋಡು ಅಂದ್ರು. ಅಂಗೀಲಿ ಸುತ್ಕೊಂಡು ತಂದ್ರು. ಮೂವತ್ತೈದು ದಿನ ದೀಪಾನೂ ಇಟ್ವಿ ಮತ್ತೆ, ಹೊಸ ಜಾಗ ಅಲ್ವಾ, ಕತ್ತಲಲ್ಲಿ ಬಿಡೋಕಾಗುತ್ತಾ?" ಎಂದರು.

ಅಮ್ಮನ ಮಾತನ್ನೇ ಆಡಿದರು ಅಕ್ಕ. ಯಾರೋ ಏನೋ, ಕೂಲಿಗೆ ಬಂದವರು, ನನ್ನ ಸುಳ್ಳನ್ನು ನಂಬಿ ನನಗೋಸ್ಕರ ದೀಪ ಹಚ್ಚಿದ್ದರು. ನಾನು ಅಲ್ಲೇ ಆ ಬೆಣಚುಕಲ್ಲುಗಳ ಪಕ್ಕ ಕುಳಿತೆ. "ಅದು ನನ್ನದಲ್ಲ. ನಮ್ಮಕ್ಕನ ಮಗಳದ್ದು," ಎಂದೆ. ನಾನು ಅಳುವುದನ್ನು ನಿಲ್ಲಿಸುವ ತನಕ ಕಾದು, "ಅಕ್ಕಂಗೆ ಗೊತ್ತಾ?" ಎಂದರು. ಇಲ್ಲ ಎಂದೆ. "ಹಂಗಾದ್ರೆ ಇಲ್ಲಿ ಕೂತು ಅತ್ತೇನು ಬಂತು? ಎದ್ದೇಳು, ಮೊದಲು ಅವಳಿಗೆ ಹೇಳು," ಎಂದು ಮತ್ತೆ ಗುಡಿಸತೊಡಗಿದರು.

ಹೇಳಿದ್ದೇನೆ. ಈ ಕಾಗದದ ಜೊತೆಗಿರುವ ಗಂಟಿನಲ್ಲಿ ಅವರ ಅಂಗಳದ ಎಡಗಡೆಯ ಮಣ್ಣಿದೆ. ಅವರೇ ಕೈಯಾರೆ ತೆಗೆದು ಕೊಟ್ಟರು, ನಾನು ಮುಟ್ಟಲಿಲ್ಲ. ಕಾಗದದಲ್ಲಿ ಸುತ್ತಿಟ್ಟದ್ದು ಬಾಚಣಿಗೆ. ಐದು ವರ್ಷ ನನ್ನ ಬೀರುವಿನ ತಳದಲ್ಲಿ ಇತ್ತು. ಕುಡಿಕೆ ಅಲ್ಲೇ ಇದೆ. ನಮ್ಮ ಮನೆಗೆ ತಂದು ಹೂಳು ಎಂದರೆ ತರುತ್ತೇನೆ, ಅಲ್ಲೇ ಇರಲಿ ಎಂದರೆ ದಿನಾ ಹೋಗಿ ಗುಡಿಸಿ ಬರುತ್ತೇನೆ. ನನ್ನಷ್ಟಕ್ಕೆ ನಾನೇ ಮತ್ತೊಮ್ಮೆ ಅಗೆಸುವ ಧೈರ್ಯ ಇಲ್ಲ. ಮನ್ನಿಸು ಎಂದು ಬರೆಯಲು ಹೋಗಿ ಆ ಸಾಲನ್ನು ಎರಡು ಸಲ ಹೊಡೆದುಹಾಕಿದ್ದೇನೆ, ನಿನಗೆ ಕಾಣಿಸಬಹುದು. ಕೇಳುವ ಮುಖ ನನಗಿಲ್ಲ. ಬೈಯಬೇಕೆನಿಸಿದರೆ ಮಾತ್ರ ಫೋನು ಮಾಡು, ನಾನು ಇಡುವುದಿಲ್ಲ, ನೀನು ಮುಗಿಸುವ ತನಕ ಕೇಳಿಸಿಕೊಳ್ಳುತ್ತೇನೆ.

ಬಾಗಿಲ ಎಡಕ್ಕೆ ಬಳ್ಳಿ ಕಿತ್ತಿದ್ದೇನೆ. ಸುಲಭಕ್ಕೆ ಬರಲಿಲ್ಲ, ಗೆಣ್ಣುಗೆಣ್ಣಿಗೂ ಬೇರು. ಇವತ್ತು ಬು ಹರ್ತಿನಿ ಗೇಟಿನ ಹತ್ತಿರ ನಿಂತು, "ಇದೇನ್ರೀ, ಇಷ್ಟು ಚೆನ್ನಾಗಿದ್ದ ಅಂಗಳ ಹೀಗೆ ಬೋಳು ಮಾಡಿದ್ರಿ?" ಎಂದು ಕೇಳಿದಳು. "ನಮ್ಮಕ್ಕ ಇಷ್ಟು ಜಾಗ ಬಿಡು ಅಂದಿದ್ಲು," ಎಂದೆ.

ನಿನ್ನ ಮಂಡಿಯ ನೋವು ಇಳಿಯಲಿ. ಲಂಪುಂಗಿನ ಮಣ್ಣು ನಿನ್ನ ಮಗಳಿಗೆ ಮೆತ್ತಗಿರಲಿ. ಅವಳನ್ನು ಅಲ್ಲಿ ಇಳಿಸುವಾಗ ಯಾರಾದರೂ ಒಳ್ಳೆಯವರ ಕೈಲಿ ಛತ್ರಿ ಹಿಡಿಸು.

ನಿನ್ನ ತಂಗಿ,
ವಿನ್